ಬೆಣಚುಕಲ್ಲಿನೊಳಗೆ ಸಿಕ್ಕಿಬಿದ್ದ ನೀರು

ಹಳೇಬೀಡಿನ ಮೂರ್ತಿಗಳನ್ನು ಕಡೆದ ಬಳಪದ ಕಲ್ಲಿನಲ್ಲಿ ಚಿನ್ನವೂ ಇರಬಹುದೇ ಎಂದು ಅರಸೀಕೆರೆಯ ಓದುಗರೊಬ್ಬರು ಕೇಳಿದ್ದಾರೆ. ಗುಡಿಯ ಗೋಡೆ ಕೆರೆಯಲು ಯಾರೂ ಹೊರಡಬೇಡಿ! ಆದರೂ ಪ್ರಶ್ನೆಯಲ್ಲಿ ಹುರುಳಿದೆ. ಆ ಕಲ್ಲು ಸಿಗುವುದು ಧಾರವಾಡ ಶಿಲೆಗಳ ಪಟ್ಟಿಗಳಲ್ಲಿ. ಕೋಲಾರ, ಹಟ್ಟಿಗಳ ಚಿನ್ನ ಸಿಕ್ಕಿದ್ದೂ ಅಂಥ ಪಟ್ಟಿಗಳಲ್ಲೇ. ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಪಟ್ಟಿಯಲ್ಲೂ ಕೆಂಪಿನಕೋಟೆಯ ಹಳೆಯ ಚಿನ್ನದ ಗಣಿಯಿದೆ.

ಈ ಚಿನ್ನ ಬಿಸಿನೀರಿನಲ್ಲಿ ಕರಗಿ, ಬಿರುಕುಗಳಲ್ಲಿ ಹರಿದು ಬಂದದ್ದು. ಬಿರುಕಿನಲ್ಲಿ ಬೆಣಚುಕಲ್ಲು ಬೆಳೆಯುವಾಗ ಆ ನೀರಿನ ಹನಿಗಳು ಅದರೊಳಗೇ ಸಿಕ್ಕಿಬಿದ್ದವು. ಅವೇ ಫ್ಲೂಯಿಡ್ ಇನ್‌ಕ್ಲೂಷನ್‌ಗಳು. ಹೆಚ್ಚಿನವು ಕೂದಲೆಳೆಯ ದಪ್ಪಕ್ಕಿಂತ ಎಷ್ಟೋ ಸಣ್ಣವು. 1858ರಲ್ಲಿ ಇಂಗ್ಲೆಂಡಿನ ಹೆನ್ರಿ ಕ್ಲಿಫ್ಟನ್ ಸಾರ್ಬಿ ಇವುಗಳಿಂದ ಕಲ್ಲು ಹುಟ್ಟಿದಾಗಿನ ಬಿಸಿ ಅಳೆಯಬಹುದೆಂದು ತೋರಿಸಿದ. ಬೆಟ್ಟವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವವನೆಂದು ಜನ ನಕ್ಕರು. ಉಪಾಯ ಮಾತ್ರ ಇಂದಿಗೂ ಅವನದೇ: ತೆಳುವಾಗಿ ಉಜ್ಜಿದ ಕಲ್ಲನ್ನು ಕಾಯಿಸಿ, ಹನಿಯೊಳಗಿನ ಗುಳ್ಳೆ ಎಷ್ಟು ಡಿಗ್ರಿಗೆ ಮಾಯವಾಗುತ್ತದೆಂದು ನೋಡುವುದು. ಸಿಕ್ಕಿಬಿದ್ದಾಗ ನೀರು ಕನಿಷ್ಠ ಅಷ್ಟಾದರೂ ಬಿಸಿಯಿತ್ತು. ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸಿ ಮೆಲ್ಲಗೆ ಬಿಸಿಮಾಡಿದರೆ ಇನ್ನಷ್ಟು ತಿಳಿಯುತ್ತದೆ. −56.6 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದ್ದು ಶುದ್ಧ ಇಂಗಾಲದ ಡೈಆಕ್ಸೈಡ್. ಮಂಜುಗಡ್ಡೆ ಕರಗುವ ಬಿಂದು ಉಪ್ಪಿನ ಪ್ರಮಾಣ ಹೇಳುತ್ತದೆ.

ಇಂಥ ಚಿನ್ನದ ನಾಳಗಳಲ್ಲಿ ಸಾಮಾನ್ಯವಾಗಿ ಕಾಣುವುದು ಉಪ್ಪು ಕಡಿಮೆಯಿರುವ, ಇಂಗಾಲದ ಡೈಆಕ್ಸೈಡ್ ಬೆರೆತ ನೀರು. ಗೋಲಿ ಸೋಡಾದ ಗೋಲಿ ಒತ್ತಿದಾಗ ಏನಾಗುತ್ತದೆ? ಒತ್ತಡ ಇಳಿದೊಡನೆ ಗ್ಯಾಸು ಬುಸ್ಸೆಂದು ಹೊರಡುತ್ತದೆ. ಭೂಕಂಪದಲ್ಲಿ ಬಿರುಕು ತಟ್ಟನೆ ಬಾಯ್ಬಿಟ್ಟಾಗಲೂ ಹೀಗೇ. ಚಿನ್ನ ನೀರಿನಲ್ಲಿ ಕರಗಿರುವುದು ಗಂಧಕದ ಜೊತೆ ಕೂಡಿಕೊಂಡು. ಗ್ಯಾಸಿನೊಂದಿಗೆ ಗಂಧಕ ಹೊರಟರೆ ಚಿನ್ನ ಅಲ್ಲೇ ಉದುರುತ್ತದೆ. ಒಂದೇ ಕಲ್ಲಿನಲ್ಲಿ, ಒಂದೇ ಕಾಲದಲ್ಲಿ ಸಿಕ್ಕಿಬಿದ್ದ ನೀರು ಹೆಚ್ಚಿನ ಹನಿಗಳೂ ಗ್ಯಾಸು ಹೆಚ್ಚಿನ ಹನಿಗಳೂ ಅಕ್ಕಪಕ್ಕ ಸಿಕ್ಕರೆ ಅದೇ ಪುರಾವೆ. ಬಿರುಕು ಬಿಡದೆಯೂ ಕೆಲಸ ನಡೆಯುತ್ತದೆ: ಸುತ್ತಲ ಶಿಲೆಯ ಕಬ್ಬಿಣ ಗಂಧಕವನ್ನು ಎಳೆದುಕೊಂಡು ಪೈರೈಟ್ ಆಗುತ್ತದೆ, ಚಿನ್ನ ಉಳಿಯುತ್ತದೆ.

ಆದ್ದರಿಂದ ಹನಿ ನೋಡಿ ಚಿನ್ನದ ಜಾಗ ಹೇಳುತ್ತೇವೆ ಎಂಬ ಉತ್ಸಾಹವನ್ನು ನಾನು ನಂಬುವುದಿಲ್ಲ. ಬರಿ ಬೆಣಚುಕಲ್ಲಿನಲ್ಲೂ ಇಂಥದೇ ನೀರಿರಬಹುದು. ಅಲ್ಲದೆ ಎಷ್ಟೋ ಕಾಲದ ನಂತರ ಬಿರುಕು ಬಿಟ್ಟು ಮತ್ತೆ ಬೆಸೆದುಕೊಂಡ ಕಲ್ಲಿನಲ್ಲಿ, ಚಿನ್ನಕ್ಕೆ ಸಂಬಂಧವೇ ಇಲ್ಲದ ಹೊಸ ಹನಿಗಳು ಸಾಲಾಗಿ ಕೂತಿರುತ್ತವೆ. ಹಾಗಾಗಿ ಬಲ್ಲವರು ಕಾಯಿಸುವ ಮೊದಲು ಯಾವ ಸಾಲು ಹಳೆಯದು, ಯಾವುದು ಹೊಸದು ಎಂದು ಗುರುತು ಹಾಕಿಕೊಳ್ಳುತ್ತಾರೆ.