ವಂಶದ ಬೇನೆಗೊಂದು ತಡೆ

ಪೋರ್ತುಗಲ್ ದೇಶದ ಉತ್ತರ ಕರಾವಳಿಯಲ್ಲಿ ಪೋವೊವಾ ದ ವರ್ಜಿಂ ಎಂಬ ಬೆಸ್ತರ ಊರುಂಟು. ಆ ಕಡೆಯ ಕೆಲವು ಮನೆತನಗಳಲ್ಲಿ, ಮೂವತ್ತರ ಆಸುಪಾಸಿನ ಗಟ್ಟಿಮುಟ್ಟಾದವರಿಗೆ ಮೊದಲು ಪಾದಗಳು ಜೋಮುಹಿಡಿದು, ಬಿಸಿ ತಂಪುಗಳ ಅರಿವು ತಪ್ಪಿ, ಕ್ರಮೇಣ ನಡಗೆಯು ಕೆಟ್ಟು, ದೇಹವು ಸೊರಗಿ, ಹಲವು ವರ್ಷಗಳಲ್ಲಿ ಮರಣವು ಸಂಭವಿಸುತ್ತಿದ್ದಿತು. ಊರವರು ಇದನ್ನು ‘ಪುಟ್ಟ ಪಾದಗಳ ಬೇನೆ’ ಎನ್ನುತ್ತಿದ್ದರು. ಪೋರ್ತೊ ನಗರದ ವೈದ್ಯರಾದ ಕೊರಿನೊ ದ ಆಂದ್ರಾದೆ ಎಂಬವರು 1952ರಲ್ಲಿ ಇದರ ವಿವರವನ್ನು ಲೋಕಕ್ಕೆ ತಿಳಿಸಿದರು. ತಂದೆತಾಯಿಗಳಲ್ಲಿ ಒಬ್ಬರಿಗೆ ಈ ದೋಷವಿದ್ದರೆ, ಹುಟ್ಟುವ ಪ್ರತಿಯೊಂದು ಮಗುವಿಗೂ ಅದು ಬರುವ ಸಂಭವವು ಅರ್ಧಕ್ಕರ್ಧ.

ಬೇನೆಯು ಪಾದದಲ್ಲಿ ತೋರಿದರೂ ಅದರ ಮೂಲವಿರುವುದು ಯಕೃತ್ತಿನಲ್ಲಿ. ಅದು ಟ್ರಾನ್ಸ್‌ಥೈರೆಟಿನ್ ಎಂಬ ಪ್ರೋಟೀನನ್ನು ಮಾಡಿ ರಕ್ತಕ್ಕೆ ಬಿಡುವುದು. ಈ ಮನೆತನಗಳಲ್ಲಿ ಅದರ ಜೀನಿನೊಳಗೆ ಒಂದೇ ಒಂದು ಅಕ್ಷರವು ತಪ್ಪಿರುವುದರಿಂದ, ಪ್ರೋಟೀನು ಕೆಟ್ಟು ನಾರುಗಟ್ಟಿ, ನರಗಳಲ್ಲಿಯೂ ಹೃದಯದಲ್ಲಿಯೂ ಶೇಖರವಾಗುವುದು. 1990ರಿಂದ ಯಕೃತ್ತನ್ನೇ ಬದಲಿಸುವ ಶಸ್ತ್ರಚಿಕಿತ್ಸೆಯು ನಡೆಯತೊಡಗಿತು.

ನಾವು ಆಸ್ತಿಯ ಮೂಲಪತ್ರವನ್ನು ಪೆಟ್ಟಿಗೆಯಲ್ಲಿಟ್ಟು ನಕಲನ್ನು ಮಾತ್ರ ಹೊರಕ್ಕೆ ಕೊಡುವೆವಷ್ಟೆ. ಜೀವಕೋಶವೂ ಹಾಗೆಯೇ ಜೀನನ್ನು ಒಳಗಿರಿಸಿ, ಆರ್‌ಎನ್‌ಎ ಎಂಬ ನಕಲನ್ನು ಕೆಲಸಕ್ಕೆ ಕಳುಹಿಸುವುದು. ಆ ನಕಲಿಗೆ ಹೊಂದುವ ಜೋಡಿ ಎಳೆಯ ಆರ್‌ಎನ್‌ಎಯನ್ನು ಒಳಹೊಗಿಸಿದರೆ, ಕೋಶವು ತನ್ನ ನಕಲನ್ನು ತಾನೇ ಕತ್ತರಿಸಿಹಾಕುವುದೆಂದು ಫೈರ್ ಮತ್ತು ಮೆಲ್ಲೊ ಎಂಬ ವಿಜ್ಞಾನಿಗಳು 1998ರಲ್ಲಿ ಒಂದು ಸಣ್ಣ ಹುಳುವಿನಲ್ಲಿ ತೋರಿಸಿದರು. 2006ರಲ್ಲಿ ಅವರಿಗೆ ನೊಬೆಲ್ ಬಹುಮಾನವು ದೊರೆಯಿತು.

ಆದರೆ ಹುಳುವಿಗೆ ಸಾಕಾದುದು ಮನುಷ್ಯನಿಗೆ ಸಾಲದಾಯಿತು. ಬರಿಯ ಆರ್‌ಎನ್‌ಎಯನ್ನು ರಕ್ತದಲ್ಲಿ ಬಿಟ್ಟರೆ, ಅಲ್ಲಿನ ಕಿಣ್ವಗಳು ಅದನ್ನು ಕ್ಷಣಮಾತ್ರದಲ್ಲಿ ತುಂಡರಿಸುವುವು. ಆದುದರಿಂದ ರಸಾಯನಜ್ಞರು ಅದರ ಸಕ್ಕರೆಯ ಭಾಗದಲ್ಲಿ ಕೆಲವೆಡೆ ಮೀಥೈಲನ್ನು ಸೇರಿಸಿ, ಕೆಲವೆಡೆ ಫ್ಲೋರಿನನ್ನು ಕೂರಿಸಿ, ತುದಿಯ ಕೊಂಡಿಗಳಲ್ಲಿ ಆಮ್ಲಜನಕಕ್ಕೆ ಬದಲಾಗಿ ಗಂಧಕವನ್ನಿಟ್ಟರು. ಯಕೃತ್ತು ಗುರುತಿಸಿ ಒಳಸೆಳೆಯುವ ಬೇರೊಂದು ಬಗೆಯ ಸಕ್ಕರೆಯನ್ನೂ ಬಾಲದಂತೆ ಕಟ್ಟಿದರು. ಈ ತಾಳ್ಮೆಯ ಕುಸುರಿಗೆಲಸವೇ ನನಗೆ ಮೂಲ ಶೋಧನೆಯಷ್ಟು ದೊಡ್ಡದಾಗಿ ಕಾಣುವುದು. 2018ರಲ್ಲಿ ಬಂದ ಪಟಿಸಿರಾನ್ ಎಂಬ ಮೊದಲ ಔಷಧವನ್ನು ಕೊಬ್ಬಿನ ಕಣಗಳಲ್ಲಿ ಅಡಗಿಸಿ ಮೂರು ವಾರಕ್ಕೊಮ್ಮೆ ರಕ್ತನಾಳದೊಳಕ್ಕೆ ಹರಿಸಬೇಕು. 2022ರಲ್ಲಿ ಬಂದ ವುಟ್ರಿಸಿರಾನಿಗೆ ಈ ಸಕ್ಕರೆಯ ಬಾಲವುಂಟು. ಮೂರು ತಿಂಗಳಿಗೊಮ್ಮೆ ಚರ್ಮದಡಿ ಚುಚ್ಚಿದರೆ ಸಾಕು. ರಕ್ತದಲ್ಲಿನ ಆ ಪ್ರೋಟೀನು ನೂರಕ್ಕೆ ಸುಮಾರು ಎಂಬತ್ತರಷ್ಟು ತಗ್ಗುವುದು.

ಮೂಲಪತ್ರದ ತಪ್ಪು ಮಾತ್ರ ಹಾಗೆಯೇ ಉಳಿಯುವುದು. ಚುಚ್ಚುವುದನ್ನು ಬಿಟ್ಟರೆ ನಕಲುಗಳು ಮತ್ತೆ ಹೊರಡುವುವು. ಮಗುವಿಗಿರುವ ಅರ್ಧಕ್ಕರ್ಧ ಸಂಭವವೂ ತಪ್ಪದು. ನಾಶವಾದ ನರವು ಮರಳುವುದು ಕಷ್ಟವಾದುದರಿಂದ ಮೊದಲ ಜೋಮಿನಲ್ಲಿಯೇ ವೈದ್ಯರನ್ನು ಕಾಣಬೇಕು. ಬೆಲೆಯೋ, ಸರಕಾರ ಅಥವಾ ವಿಮೆ ವಹಿಸದ ಹೊರತು ಸಾಮಾನ್ಯ ಗೃಹಸ್ಥನಿಗೆ ಎಟುಕದು. ಇನ್ನೊಂದು ಮನೆವಾರ್ತೆಯ ಮಾತುಂಟು: ಔಷಧವು ಕೆಟ್ಟ ನಕಲಿನೊಡನೆ ಒಳ್ಳೆಯದನ್ನೂ ಅಳಿಸುವುದು. ರಕ್ತದಲ್ಲಿ ಎ ಜೀವಸತ್ವವನ್ನು ಹೊತ್ತೊಯ್ಯಲು ಇದೇ ಪ್ರೋಟೀನು ನೆರವಾಗುವುದರಿಂದ, ರೋಗಿಯು ಆ ಜೀವಸತ್ವವನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿ ನಿತ್ಯವೂ ಸೇವಿಸಬೇಕಾಗುವುದು.