ಮಾಗಿಯ ಓಟ

ಓಟವೆಂದೊಡನೆ ವೇಗ ನೆನಪಾಗುವುದು ಸಹಜ. ಕ್ರೀಡಾಕೂಟಕ್ಕೆ ಹೋದವರಿಗೆ ಕಾಣುವುದೂ ಅದೇ: ಎರಡು ನಿಮಿಷವೋ ನಾಲ್ಕು ನಿಮಿಷವೋ ಬಿರುಸಿನ ಒಂದು ದೃಶ್ಯ, ಆಮೇಲೆ ಚಪ್ಪಾಳೆ. ಆ ವೇಗ ಕೂಡಿಬರುವುದು ಮಾತ್ರ ಬೇರೆಲ್ಲೋ, ಹಲವು ತಿಂಗಳ ಮೊದಲೇ, ನೋಡುವವರೇ ಇಲ್ಲದ ರಸ್ತೆಗಳಲ್ಲಿ, ಅದೂ ತೀರ ನಿಧಾನದ ಓಟದಲ್ಲಿ. ಕಾಲೇಜಿನ ಓಟಗಾರರಿಗೆ ಆ ಸಿದ್ಧತೆಯ ಕಾಲ ಮಾಗಿ. ಆ ಮಾತಿಗೆ ಚಳಿಗಾಲವೆಂಬ ಅರ್ಥವೂ ಹಣ್ಣಾಗಿ ಎಂಬ ಅರ್ಥವೂ ಇರುವುದು ಭಾಷೆಯ ಆಕಸ್ಮಿಕವೇ ಇರಬಹುದು. ನಮ್ಮ ಮಟ್ಟಿಗೆ ಅವೆರಡೂ ಒಂದೇ ಆಗಿದ್ದವು.

ನಾನು ಹೇಳುತ್ತಿರುವುದು ಮೈಸೂರಿನ ಮಾತು. 1974ರಿಂದ ಮೂರು ಮಾಗಿಗಳ ಮಾತು. ನಮ್ಮ ಕಾಲೇಜಿನ ತಂಡದಲ್ಲಿ ನಾವು ಏಳು ಮಂದಿ ದೂರದ ಓಟದವರಿದ್ದೆವು. ವಾರದ ದಿನಗಳಲ್ಲಿ ಕುಕ್ಕರಹಳ್ಳಿ ಕೆರೆಯ ಏರಿ, ಒಂದೊಂದು ದಿನ ಚಾಮುಂಡಿ ಬೆಟ್ಟದ ರಸ್ತೆ. ಭಾನುವಾರ ಮಾತ್ರ ಶ್ರೀರಂಗಪಟ್ಟಣ. ಬೆಳಗಿನ ಐದೂಕಾಲಕ್ಕೆ ಹೊರಟು, ಸಿದ್ಧಲಿಂಗಪುರ, ಕಳಸ್ತವಾಡಿಗಳನ್ನು ದಾಟಿ, ಪಶ್ಚಿಮವಾಹಿನಿಗೆ ಬರುವ ಹೊತ್ತಿಗೆ ಹೊಳೆಯ ಮೇಲಿನ ಮಂಜು ಇನ್ನೂ ಎದ್ದಿರುತ್ತಿರಲಿಲ್ಲ. ಅಲ್ಲಿಗೆ ಸುಮಾರು 15 ಕಿಲೋಮೀಟರು. ಮೈಯಲ್ಲಿ ಇನ್ನೂ ಕಸುವಿದ್ದರೆ ಗಂಜಾಂ ದಾಟಿ ಸಂಗಮದವರೆಗೆ, ಅಲ್ಲಿಗೆ ಇಪ್ಪತ್ತಾಗುತ್ತಿತ್ತು. ಕಾವೇರಿಯಲ್ಲಿ ಮುಳುಗಿ ಎದ್ದು, ಪ್ಯಾಸೆಂಜರ್ ರೈಲು ಹತ್ತಿ ಮೈಸೂರಿಗೆ ಮರಳುವುದು. ಧನುರ್ಮಾಸವಾದರೆ ದೇವಸ್ಥಾನದ ಹುಗ್ಗಿ ದೊರೆಯುವುದೂ ಉಂಟು. ಅಕ್ಕಿ, ಹೆಸರುಬೇಳೆ, ಮೆಣಸು, ತುಪ್ಪ: ದಣಿದ ಮೈಗೆ ಇದಕ್ಕಿಂತ ಒಳ್ಳೆಯ ಪಥ್ಯವನ್ನು ಈಗಿನ ಆಹಾರಶಾಸ್ತ್ರಜ್ಞರೂ ಹೇಳಲಾರರು. ಆ ಹೆದ್ದಾರಿಯಲ್ಲಿ ಈಗ ಹಾಗೆ ಓಡುವುದು ಸಾಧ್ಯವಿಲ್ಲ. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ದಶಪಥ ಕಾಲ್ನಡಿಗೆಯವರಿಗಾಗಿ ಮಾಡಿದ್ದಲ್ಲ.

ಮಾಗಿಯೇ ಏಕೆ ಎಂದು ಕೇಳಬಹುದು. ನಮ್ಮ ಸ್ನಾಯುಗಳು ತಾವು ಉರಿಸುವ ಇಂಧನದಲ್ಲಿ ನಾಲ್ಕನೆಯ ಒಂದು ಪಾಲನ್ನೋ ಅದಕ್ಕಿಂತ ಕಡಿಮೆಯನ್ನೋ ಚಲನೆಗೆ ಬಳಸುತ್ತವೆ, ಉಳಿದುದೆಲ್ಲ ಶಾಖ. ಅದನ್ನು ಹೊರಹಾಕದಿದ್ದರೆ ಓಡುವವನು ತನ್ನ ಬಿಸಿಯಲ್ಲಿ ತಾನೇ ಬೇಯಬೇಕಾಗುತ್ತದೆ. ಬೇಸಿಗೆಯಲ್ಲಿ ಹೃದಯಕ್ಕೆ ಎರಡು ಊಳಿಗ: ಕಾಲಿಗೂ ರಕ್ತ ಕಳುಹಿಸಬೇಕು, ಬಿಸಿಯನ್ನು ಬಿಟ್ಟುಬರಲೆಂದು ಚರ್ಮಕ್ಕೂ ಕಳುಹಿಸಬೇಕು. ಹವೆ ತಂಪಾಗಿದ್ದರೆ ಎರಡನೆಯ ಊಳಿಗ ಹಗುರವಾಗುತ್ತದೆ. ಹಿಮ ಬೀಳುವ ದೇಶಗಳ ವಿದ್ಯಾರ್ಥಿಗಳು ಇದೇ ತಿಂಗಳುಗಳಲ್ಲಿ ಕೈಚೀಲ, ಉಣ್ಣೆಯ ಟೊಪ್ಪಿಗೆ ಧರಿಸಿ, ಜಾರುವ ನೆಲದ ಮೇಲೆ ಹೆಜ್ಜೆ ನೋಡಿಕೊಂಡು ಓಡುತ್ತಾರೆ. ನಮಗೆ ಒಂದು ಬನಿಯನ್ನು ಸಾಕಾಗುತ್ತಿತ್ತು. ಮೈಸೂರಿನ ಡಿಸೆಂಬರಿನ ಬೆಳಗು ದೂರದ ಓಟಕ್ಕೆ ದೇವರು ಕೊಟ್ಟ ವರವೆಂದು ನಾನು ಇಂದಿಗೂ ಹೇಳುತ್ತೇನೆ.

ನಾಲ್ಕು ನಿಮಿಷದ ಪಂದ್ಯಕ್ಕೆ ಒಂದೂವರೆ ಗಂಟೆಯ ನಿಧಾನದ ಓಟವೇಕೆ? ಇದಕ್ಕೆ ಜಗತ್ತು ಕಂಡ ಉತ್ತರ ಬಂದದ್ದು ನ್ಯೂಜಿಲೆಂಡಿನಿಂದ. ಆಕ್ಲೆಂಡಿನಲ್ಲಿ ಷೂ ಕಾರ್ಖಾನೆಯ ಕೆಲಸದಲ್ಲಿದ್ದ ಆರ್ಥರ್ ಲಿಡಿಯಾರ್ಡ್ ತನ್ನ ಶಿಷ್ಯರನ್ನು ಗುಂಪು ಕಟ್ಟಿಕೊಂಡು ವೈಟಾಕೆರೆ ಗುಡ್ಡಗಳಲ್ಲಿ 22 ಮೈಲಿ, ಎಂದರೆ ಸುಮಾರು 35 ಕಿಲೋಮೀಟರು, ಓಡಿಸುತ್ತಿದ್ದ. ಮ್ಯಾರಥಾನಿನವರು ಮಾತ್ರವಲ್ಲ, 800 ಮೀಟರಿನವರೂ ಆ ಗುಂಪಿನಲ್ಲಿರಬೇಕು. 1960ರ ಸೆಪ್ಟೆಂಬರ್ 2ರಂದು ರೋಮ್ ಒಲಿಂಪಿಕ್ಸಿನಲ್ಲಿ ಅವನ ಶಿಷ್ಯ ಪೀಟರ್ ಸ್ನೆಲ್ 800 ಮೀಟರನ್ನು 1 ನಿಮಿಷ 46.3 ಸೆಕೆಂಡಿನಲ್ಲಿ ಓಡಿ ಗೆದ್ದ. ಅದೇ ದಿನ ಮತ್ತೊಬ್ಬ ಶಿಷ್ಯ ಮರ್ರೆ ಹಾಲ್ಬರ್ಗ್ 5000 ಮೀಟರನ್ನು ಗೆದ್ದ. ಮಿಲ್ಖಾ ಸಿಂಗರ ನಾಲ್ಕನೆಯ ಸ್ಥಾನಕ್ಕಾಗಿ ಆ ಒಲಿಂಪಿಕ್ಸನ್ನು ನೆನೆಯುವ ನಾವು ಇದನ್ನೂ ನೆನೆಯಬೇಕು.

ಶಾಸ್ತ್ರ ಆಮೇಲೆ ಬಂತು. 1967ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ವಿಜ್ಞಾನಿ ಜಾನ್ ಹೊಲೋಸಿ ಇಲಿಗಳನ್ನು ವಾರಗಟ್ಟಲೆ ಓಡಿಸಿ, ಅವುಗಳ ಸ್ನಾಯುಗಳಲ್ಲಿ ಆಮ್ಲಜನಕವನ್ನು ಬಳಸುವ ಶಕ್ತಿ ಸುಮಾರು ಇಮ್ಮಡಿಯಾದುದನ್ನು ತೋರಿಸಿದರು. ಜೀವಕೋಶದೊಳಗೆ ಮೈಟೊಕಾಂಡ್ರಿಯ ಎಂಬ ಸಣ್ಣ ಒಲೆಗಳಿವೆ. ದೀರ್ಘವಾದ ಅಭ್ಯಾಸದಿಂದ ಆ ಒಲೆಗಳು ಹೆಚ್ಚುತ್ತವೆ, ಅವಕ್ಕೆ ರಕ್ತ ಒಯ್ಯುವ ಕೂದಲೆಳೆಯಂಥ ನಾಳಗಳೂ ಹೆಚ್ಚುತ್ತವೆ. ಇನ್ನೊಂದು ಸಂಗತಿಯೂ ಇದೆ. ಸ್ನಾಯುಗಳಲ್ಲಿ ನಿಧಾನದ ಎಳೆಗಳೂ ವೇಗದ ಎಳೆಗಳೂ ಉಂಟು. ಮೊದಲ ಗಂಟೆಯಲ್ಲಿ ದುಡಿಯುವುವು ಬಹುಮಟ್ಟಿಗೆ ನಿಧಾನದವು. ಅವುಗಳ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಕರಗುತ್ತ ಬಂದಂತೆ ವೇಗದ ಎಳೆಗಳು ಒಂದೊಂದಾಗಿ ನೊಗಕ್ಕೆ ಕೊರಳು ಕೊಡುತ್ತವೆ. ಎಂದರೆ ನಿಧಾನವಾಗಿ ಓಡುತ್ತಲೇ, ಕೊನೆಯ ಅರ್ಧ ಗಂಟೆಯಲ್ಲಿ, ವೇಗದ ಸ್ನಾಯುವಿಗೂ ತಾಳಿಕೆಯ ಪಾಠವಾಗುತ್ತದೆ. ಸ್ನೆಲ್ ಮುಂದೆ ತಾವೇ ಅಮೆರಿಕದಲ್ಲಿ ಓದಿ ವ್ಯಾಯಾಮವಿಜ್ಞಾನದ ಸಂಶೋಧಕರಾದರು. ತನ್ನ ಕಾಲು ಬಲ್ಲುದನ್ನು ತಲೆಯಿಂದಲೂ ತಿಳಿಯಹೊರಟ ಇಂಥ ವಿಜೇತರು ಅಪರೂಪ.

ಇಷ್ಟೆಲ್ಲ ಲಾಭಕ್ಕೆ ಒಂದೇ ಷರತ್ತು: ಓಟ ನಿಧಾನವಾಗಿರಬೇಕು. ಇಪ್ಪತ್ತು ವರ್ಷದ ಹುಡುಗರಿಗೆ ಅದಕ್ಕಿಂತ ಕಠಿಣವಾದ ಷರತ್ತು ಇನ್ನೊಂದಿಲ್ಲ. ಒಬ್ಬ ಅರ್ಧ ಹೆಜ್ಜೆ ಮುಂದೆ ಹೋದರೆ ಪಕ್ಕದವನಿಗೆ ಮಾನ ಹೋದಂತೆ; ಹತ್ತು ನಿಮಿಷದಲ್ಲಿ ಸಾಧನೆ ಪಂದ್ಯವಾಗಿಬಿಡುತ್ತದೆ. ನಮ್ಮ ದೈಹಿಕ ಶಿಕ್ಷಣದ ಮೇಷ್ಟ್ರು ಇದಕ್ಕೆ ಒಂದೇ ಸೂತ್ರ ಹೇಳುತ್ತಿದ್ದರು: “ಮಾತಾಡ್ತಾ ಓಡ್ರಯ್ಯಾ. ಮಾತು ನಿಂತಿತು ಅಂದ್ರೆ ಓಟ ಕೆಟ್ಟಿತು ಅಂತ ತಿಳ್ಕೊಳಿ.” ಅದರಲ್ಲಿ ಸೊಗಸಾದ ಶರೀರಶಾಸ್ತ್ರವಿದೆ. ಮಾತಿಗೆ ಉಸಿರನ್ನು ಹಿಡಿದು ಬಿಡಬೇಕು. ದೇಹದ ಆಮ್ಲಜನಕದ ಬೇಡಿಕೆ ಮಿತಿಮೀರಿದೊಡನೆ ಆ ಬಿಡುವು ದೊರೆಯದೆ ವಾಕ್ಯಗಳು ತುಂಡಾಗುತ್ತವೆ. ಒಬ್ಬನೇ ಓಡುವವನಿಗೆ ಈ ಅಳತೆಗೋಲು ಇಲ್ಲ. ಜೊತೆಗಾರರು ಬೇಕೆನ್ನುವುದು ಉತ್ಸಾಹಕ್ಕಾಗಿ ಎಂದು ಜನ ಭಾವಿಸುತ್ತಾರೆ. ನಿಜವಾಗಿ ಅವರು ಬೇಕಾದದ್ದು ಕಡಿವಾಣಕ್ಕಾಗಿ.

ಈ ಕಡಿವಾಣ ಹಿಡಿಯುತ್ತಿದ್ದವನು ನಾಗಮಂಗಲದ ಕಡೆಯ ಒಬ್ಬ ಗೆಳೆಯ. ಕನ್ನಡ ಐಚ್ಛಿಕದ ವಿದ್ಯಾರ್ಥಿ, ಬರಿಗಾಲಿನ ಓಟಗಾರ, ನಮ್ಮೆಲ್ಲರಿಗಿಂತ ಬಲಶಾಲಿ. ಅವರ ಮನೆಯಲ್ಲಿ ಭಾರತ ಓದಿಸುವ ರೂಢಿಯಿದ್ದುದರಿಂದ ಕುಮಾರವ್ಯಾಸನ ಪದ್ಯಗಳು ನೂರಾರು ಅವನ ಬಾಯಲ್ಲಿದ್ದವು. ಭಾಮಿನಿ ಷಟ್ಪದಿಯ ನಡೆ ಮೂರು ಮಾತ್ರೆ, ನಾಲ್ಕು ಮಾತ್ರೆಯದೆಂದು ಓದುಗರು ಬಲ್ಲರು. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಿಗೆ ಹದಿನಾಲ್ಕೇ ಮಾತ್ರೆ. ಮೂರು ಮತ್ತು ಆರನೆಯವಕ್ಕೆ ಇಪ್ಪತ್ತಮೂರು. ಅವನು ಓಡುತ್ತ ಪದ್ಯ ಹೇಳುತ್ತಿದ್ದ, ನಾವೂ ಸರದಿಯಂತೆ ಹೇಳಬೇಕು. ಚಿಕ್ಕ ಸಾಲುಗಳನ್ನು ಯಾರಾದರೂ ಹೇಗಾದರೂ ದಾಟಿಸುತ್ತಾರೆ. ಮೂರನೆಯ ಸಾಲು ಒಂದೇ ಉಸಿರಿನಲ್ಲಿ ಬರದಿದ್ದರೆ ವೇಗ ಹೆಚ್ಚಾಯಿತೆಂದೇ ಅರ್ಥ; ಗುಂಪು ನಿಧಾನಿಸಬೇಕು. ಯಾವನಾದರೂ ಮುನ್ನುಗ್ಗಿದರೆ, “ಲೋ, ಓಡೋಕೆ ಬಂದಿದ್ದೀಯೋ, ಓಡಿಹೋಗೋಕೆ ಬಂದಿದ್ದೀಯೋ?” ಎಂದು ಕೂಗುತ್ತಿದ್ದ. ಈಗ ಕುಕ್ಕರಹಳ್ಳಿ ಕೆರೆಯ ಮೇಲೆ ಓಡುವ ತರುಣರ ಮುಂಗೈಯ ಗಡಿಯಾರ ನಾಡಿಯ ಬಡಿತವನ್ನು ತೋರಿಸುತ್ತದೆ. ಅದು ತಿಳಿಸುವುದೂ ಹೆಚ್ಚುಕಡಿಮೆ ಇದನ್ನೇ. ಆದರೆ ಅದನ್ನು ಬಾಯಿಪಾಠ ಮಾಡಲಾಗದು.

ಮಾಗಿಗೆ ಇನ್ನೊಂದು ಮುಖವೂ ಇದೆ. ಓಟಗಾರ ಮೈ ಕಟ್ಟಿಕೊಳ್ಳುವ ಇದೇ ಕಾಲ ರಾಗಿಯ ಕೊಯಿಲಿನ, ಒಕ್ಕಣೆಯ ಕಾಲ. ಡಿಸೆಂಬರ್ ನಡುವಿಗೆ ಅವನಿಗೆ ಮನೆಯಿಂದ ಕರೆ ಬರುತ್ತಿತ್ತು. ಸಂಕ್ರಾಂತಿ ಕಳೆದು ಹಿಂದಿರುಗುತ್ತಿದ್ದ. ಆ ಒಂದು ತಿಂಗಳು ಅವನು ಓಡುತ್ತಿರಲಿಲ್ಲ, ಮುಂಜಾನೆಯಿಂದ ಕಣದಲ್ಲಿ ಎತ್ತುಗಳ ಹಿಂದೆ ಸುತ್ತುತ್ತಿದ್ದ, ಹೊರೆ ಹೊರುತ್ತಿದ್ದ. ಬಂದ ವಾರವೇ ಮೂರನೆಯ ಸಾಲನ್ನು ಸಲೀಸಾಗಿ ಹೇಳುತ್ತಿದ್ದ. ಬರಿಗಾಲಿನಲ್ಲೇ ಓಡುತ್ತಿದ್ದ ಶಿವನಾಥ ಸಿಂಗ್ 1978ರಲ್ಲಿ ಜಲಂಧರದಲ್ಲಿ 2 ಗಂಟೆ 12 ನಿಮಿಷಕ್ಕೆ ಮ್ಯಾರಥಾನ್ ಮುಗಿಸಿದರು. ಆ ರಾಷ್ಟ್ರೀಯ ದಾಖಲೆ ನಲವತ್ತು ವರ್ಷಕ್ಕೂ ಮೀರಿ ಉಳಿಯಿತು. ಅವರ ಬೆನ್ನಿಗೆ ಸೈನ್ಯದ ಊಟವಿತ್ತು, ಬಿಡುವಿತ್ತು. ಹಳ್ಳಿಯಿಂದ ಬಂದ ಕಾಲೇಜು ಹುಡುಗನಿಗೆ ಅವೆರಡನ್ನೂ ಹೊಲವೇ ಕೊಡಬೇಕು, ಹೊಲವೇ ಕಸಿದುಕೊಳ್ಳಬೇಕು.

1976ರ ಮಾಗಿಯಲ್ಲಿ ಅವನ ತಂದೆ ಹಾಸಿಗೆ ಹಿಡಿದರು. ಸಂಕ್ರಾಂತಿ ಕಳೆದರೂ ಅವನು ಬರಲಿಲ್ಲ. ಭಾನುವಾರಗಳು ನಡೆದವು, ಪದ್ಯಗಳು ನಿಂತವು. ಮುಂದಿದ್ದವರು ಮುಂದೆಯೇ ಹೋದರು, ಫೆಬ್ರವರಿಯ ಹೊತ್ತಿಗೆ ಇಬ್ಬರು ಮೊಣಕಾಲ ಕೆಳಗಿನ ನೋವಿನಿಂದ ಕುಳಿತರು. ವಿಶ್ವವಿದ್ಯಾಲಯದ ಕ್ರೀಡಾಕೂಟದಲ್ಲಿ 5000 ಮೀಟರಿಗೆ ಅವನ ಹೆಸರನ್ನು ಕರೆದು, ಕಾಯ್ದು, ಹೊಡೆದುಹಾಕಿದರು. ಏಪ್ರಿಲಿನಲ್ಲಿ ಪರೀಕ್ಷೆ ಬರೆಯಲು ಬಂದ. ಗದ್ದೆ, ದನ, ತಮ್ಮಂದಿರು ಎಲ್ಲ ಅವನ ಹೆಗಲಿಗೆ ಬಂದಿದ್ದವು. ಇನ್ನು ಓಟವಿಲ್ಲವೆಂದು ಅವನೇ ಹೇಳಿದ. ಆದರೂ ಭಾನುವಾರ ನಸುಕಿನಲ್ಲಿ ನಮ್ಮೊಡನೆ ಸಿದ್ಧಲಿಂಗಪುರದವರೆಗೆ ಬಂದ. ಆಗಲೇ ಸೆಕೆ ಏರಿತ್ತು, ನಮಗೆ ಮಾತು ಹೊರಡುತ್ತಿರಲಿಲ್ಲ. ಅವನೊಬ್ಬನೇ ಒಂದು ಪದ್ಯವನ್ನು ಆರೂ ಸಾಲು ಹೇಳಿ ಮುಗಿಸಿ, ಊರಿನ ಬಸ್ಸು ಹಿಡಿಯಬೇಕೆಂದು ಹಿಂದಕ್ಕೆ ತಿರುಗಿದ.