ಎರಡು ಬಾಕ್ಸ್, ಒಂದು ಲ್ಯಾಪ್‌ಟಾಪ್, ಮತ್ತೆ ಆ ಮೂರನೇ ಪಿನ್

ನಾವು ಡಿಜೆ ಸೆಟ್ ಇಟ್ಕೊಂಡಿದ್ದೀವಿ ಅಂತ ಗೊತ್ತಾದ ತಕ್ಷಣ ಕ್ಲಾಸಲ್ಲಿ ಎಲ್ಲರೂ ಎರಡೇ ಪ್ರಶ್ನೆ ಕೇಳ್ತಾರೆ. "ಒಂದು ಫಂಕ್ಷನ್‌ಗೆ ಎಷ್ಟು ತಗೋತೀರಾ?" ಮತ್ತೆ, "ಪ್ಲೇಲಿಸ್ಟ್ ಹಾಕಿ ನಿಂತ್ಕೊಳ್ಳೋದಕ್ಕೆ ನಾಲ್ಕು ಜನ ಯಾಕ್ರೋ?" ಎರಡಕ್ಕೂ ಇಲ್ಲಿ ಉತ್ತರ ಕೊಡ್ತೀವಿ. ಯಾರಾದ್ರೂ ಶುರು ಮಾಡ್ಬೇಕು ಅಂತಿದ್ರೆ, ನಾವು ಮಾಡಿದ ಒಂದು ತಪ್ಪನ್ನ ನೀವು ಮಾಡ್ಬಾರ್ದು ಅನ್ನೋದೂ ಈ ಲೇಖನ ಬರೆಯೋಕೆ ಕಾರಣ.

ಇದಕ್ಕೆ ಹಳೇ ಹೆಸರು ಮೊಬೈಲ್ ಡಿಸ್ಕೋ. ಜನ ಡಿಸ್ಕೋಗೆ ಹೋಗೋ ಬದಲು ಡಿಸ್ಕೋನೇ ಜನ ಇರೋ ಕಡೆ ಹೋಗುತ್ತೆ. ಗಣೇಶನ ಮೆರವಣಿಗೆಯಲ್ಲಿ ಲಾರಿ ತುಂಬ ಬಾಕ್ಸ್ ಕಟ್ಕೊಂಡು ಬರುತ್ತಲ್ಲ, ಅಂಥ ಸೆಟ್ ನಮ್ಮದಲ್ಲ. ನಮ್ಮದು ಒಂದು ಲಗೇಜ್ ಆಟೋದಲ್ಲಿ ಹಿಡಿಯುತ್ತೆ. ಬರ್ತ್‌ಡೇ, ಅರಿಶಿನ ಶಾಸ್ತ್ರ, ನಾಮಕರಣ, ಸಣ್ಣ ರಿಸೆಪ್ಷನ್. ನೂರು, ನೂರೈವತ್ತು ಜನ ಇದ್ರೆ ಸರಿಹೋಗುತ್ತೆ.

ಈ ಕೆಲಸ ಶುರುವಾಗಿದ್ದೇ ನಮ್ಮಂಥ ರಿಪೇರಿ ಹುಚ್ಚಿನವರಿಂದ. 1950ರ ದಶಕದಲ್ಲಿ ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ದೊಡ್ಡ ದೊಡ್ಡ ಸ್ಪೀಕರ್, ಆಂಪ್ಲಿಫೈಯರ್, ರೆಕಾರ್ಡ್ ಪ್ಲೇಯರ್ ಸಾಗಿಸಿ ಬೀದಿಯಲ್ಲೇ ಕುಣಿತ ನಡೆಸೋರು. ಅದನ್ನ 'ಸೌಂಡ್ ಸಿಸ್ಟಮ್' ಅಂತ ಕರೀತಿದ್ರು. ಅಲ್ಲಿನ ಪ್ರಸಿದ್ಧ ಕಿಂಗ್ ಟಬ್ಬಿ ಮೂಲತಃ ರೇಡಿಯೋ, ಎಲೆಕ್ಟ್ರಾನಿಕ್ಸ್ ರಿಪೇರಿ ಮಾಡ್ತಿದ್ದವರು. ಆಂಪ್ಲಿಫೈಯರ್‌ಗಳನ್ನ ತಾವೇ ಕಟ್ಟೋರು. ಅದೇ ಕಿಂಗ್‌ಸ್ಟನ್‌ನಿಂದ ನ್ಯೂಯಾರ್ಕ್‌ಗೆ ಹೋದ ಹುಡುಗ ಡಿಜೆ ಕೂಲ್ ಹರ್ಕ್. 1973ರ ಆಗಸ್ಟ್‌ನಲ್ಲಿ ಬ್ರಾಂಕ್ಸ್‌ನ ಒಂದು ಅಪಾರ್ಟ್‌ಮೆಂಟ್ ಹಾಲಲ್ಲಿ ತಂಗಿ ಇಟ್ಕೊಂಡ ಪಾರ್ಟಿಗೆ ಅವರು ಹಾಡು ಹಾಕಿದ್ರು. ಹಿಪ್‌ಹಾಪ್ ಅಲ್ಲಿಂದ ಶುರು ಅಂತಾರೆ. ಆಗ ಅವರಿಗೆ ಹದಿನೆಂಟು ವರ್ಷ!

ಸಾಮಾನು ಏನೇನು?

ನಾಲ್ಕು ಜನ ತಲಾ 15,000 ರೂಪಾಯಿ ಹಾಕಿದ್ವಿ. ಬಂದಿದ್ದು: ಎರಡು 12 ಇಂಚಿನ ಆಕ್ಟಿವ್ ಸ್ಪೀಕರ್ (ಒಳಗೇ ಆಂಪ್ಲಿಫೈಯರ್ ಇರುತ್ತೆ), ಸ್ಟ್ಯಾಂಡ್, ಚಿಕ್ಕ ಮಿಕ್ಸರ್, ಎರಡು ಮೈಕ್, ಸೆಕೆಂಡ್ ಹ್ಯಾಂಡ್ ಡಿಜೆ ಕಂಟ್ರೋಲರ್, ನಾಲ್ಕು ಎಲ್‌ಇಡಿ ಪಾರ್ ಲೈಟ್. ಲ್ಯಾಪ್‌ಟಾಪ್ ಹೇಗೂ ಇತ್ತು. 18 ಇಂಚಿನ ಬಾಸ್ ಬೇಕು ಅಂದವರಿಗೆ ಬಾಡಿಗೆಗೆ ತರ್ತೀವಿ.

ಬಾಕ್ಸ್ ಮೇಲೆ '1000 ವ್ಯಾಟ್' ಅಂತ ದೊಡ್ಡದಾಗಿ ಬರೆದಿದ್ರೆ ನಂಬ್ಬೇಡಿ. ಅದು ಸಾಮಾನ್ಯವಾಗಿ ಪೀಕ್. ಸತತವಾಗಿ ಕೊಡೋ ಪವರ್ ಅದರ ಅರ್ಧ ಅಥವಾ ಇನ್ನೂ ಕಡಿಮೆ. ಇನ್ನೊಂದು ಲೆಕ್ಕ: ವ್ಯಾಟ್ ಡಬಲ್ ಆದ್ರೆ ಹೆಚ್ಚೋದು 3 ಡೆಸಿಬೆಲ್ ಮಾತ್ರ. ಕಿವಿಗೆ "ಡಬಲ್ ಜೋರು" ಅನಿಸ್ಬೇಕಾದ್ರೆ ಸುಮಾರು 10 ಡೆಸಿಬೆಲ್, ಅಂದ್ರೆ ಹತ್ತು ಪಟ್ಟು ಪವರ್ ಬೇಕು. ಬಯಲಲ್ಲಿ ದೂರ ಎರಡು ಪಟ್ಟಾದ್ರೆ 6 ಡೆಸಿಬೆಲ್ ಇಳಿಯುತ್ತೆ. ಅದಕ್ಕೇ ಹಿಂದಿನೋರಿಗೆ ಕೇಳಿಸ್ತಿಲ್ಲ ಅಂದ ತಕ್ಷಣ ವಾಲ್ಯೂಮ್ ಏರಿಸ್ಬೇಡಿ, ಮುಂದೆ ಕೂತಿರೋ ಮಕ್ಕಳ ಕಿವಿ ಹೋಗುತ್ತೆ. ಸ್ಪೀಕರನ್ನ ತಲೆಗಿಂತ ಮೇಲೆ ಎತ್ತಿ, ಸ್ವಲ್ಪ ಒಳಮುಖವಾಗಿ ತಿರುಗಿಸಿ. ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತೆ.

ಕರೆಂಟ್ ಲೆಕ್ಕ

ಯಾರ ಮನೆಗೆ ಹೋದ್ರೂ ಮೊದಲು ನೋಡೋದು ಪ್ಲಗ್ ಪಾಯಿಂಟ್. ಸಣ್ಣ ಸಾಕೆಟ್ 6 ಆಂಪ್. 230 ವೋಲ್ಟ್‌ಗೆ ಗುಣಿಸಿದ್ರೆ 1,380 ವ್ಯಾಟ್, ಅಷ್ಟೇ. ದೊಡ್ಡ 16 ಆಂಪ್ ಸಾಕೆಟ್ ಆದ್ರೆ 3,680 ವ್ಯಾಟ್. ನಮ್ಮ ಸ್ಪೀಕರ್, ಲೈಟ್, ಲ್ಯಾಪ್‌ಟಾಪ್ ಸೇರಿ ಸಾವಿರ ವ್ಯಾಟ್ ಒಳಗೇ ಇರುತ್ತೆ, ಸಣ್ಣ ಸಾಕೆಟ್ ಸಾಕು ಅಂದ್ಕೊಂಡಿದ್ವಿ. ಒಂದು ಸಲ ಬಾಡಿಗೆಗೆ ತಂದ 900 ವ್ಯಾಟ್‌ನ ಸ್ಮೋಕ್ ಮೆಷಿನ್‌ನೂ ಅದೇ ಬೋರ್ಡ್‌ಗೆ ಚುಚ್ಚಿದ್ವಿ. ಅದರೊಳಗೆ ಹೀಟರ್ ಇದೆ ಅನ್ನೋದು ತಲೆಗೇ ಹೊಳೀಲಿಲ್ಲ. ಕೇಕ್ ಕಟ್ ಮಾಡೋ ಹೊತ್ತಿಗೆ ಸರಿಯಾಗಿ ಎಂಸಿಬಿ ಟ್ರಿಪ್. ಹ್ಯಾಪಿ ಬರ್ತ್‌ಡೇನ ಎಲ್ಲರೂ ಕತ್ತಲಲ್ಲಿ ಬಾಯಲ್ಲೇ ಹಾಡಿದ್ರು.

ಈಗ ನಾವೇ 2.5 ಚದರ ಮಿಲಿಮೀಟರ್‌ನ ಮೂರು ಕೋರ್ ವೈರ್ ಇರೋ ಎಕ್ಸ್‌ಟೆನ್ಷನ್ ಕಟ್ಕೊಂಡಿದ್ದೀವಿ. ಅದನ್ನ ಪೂರ್ತಿ ಬಿಚ್ಚಿ ಹಾಕ್ತೀವಿ. ಸುತ್ತಿದ ಹಾಗೇ ಬಿಟ್ರೆ ಶಾಖ ಹೊರಗೆ ಹೋಗದೆ ವೈರ್ ಬಿಸಿಯಾಗುತ್ತೆ.

ಆ ಮೂರನೇ ಪಿನ್

ಈಗ ತಪ್ಪಿನ ವಿಷಯ.

ನಮ್ಮ ಎರಡನೇ ಫಂಕ್ಷನ್. ನಂಜನಗೂಡಿನ ಹತ್ತಿರ ಒಂದು ಗೃಹಪ್ರವೇಶ. ಸಂಜೆ ಮಳೆ ಬಂದು ನಿಂತಿತ್ತು, ಅಂಗಳದಲ್ಲಿ ಶಾಮಿಯಾನ, ಕೆಳಗೆಲ್ಲ ಒದ್ದೆ. ಸೆಟ್ ಆನ್ ಮಾಡಿದ್ರೆ ಸ್ಪೀಕರಿಂದ ಒಂದೇ ಸಮ "ಗೊಂಯ್" ಅಂತ ಸದ್ದು. ಇದಕ್ಕೆ ಹಮ್ ಅಂತಾರೆ. ಸ್ಪೀಕರ್ ಒಂದು ಸಾಕೆಟ್ಟಿಂದ, ಲ್ಯಾಪ್‌ಟಾಪ್, ಮಿಕ್ಸರ್ ಇನ್ನೊಂದು ಸಾಕೆಟ್ಟಿಂದ ಓಡ್ತಿದ್ರೆ, ಎರಡರ ಅರ್ಥ್ ನಡುವೆ ಚೂರು ವೋಲ್ಟೇಜ್ ವ್ಯತ್ಯಾಸ ಇರುತ್ತೆ. ಆಡಿಯೋ ಕೇಬಲ್‌ನ ಶೀಲ್ಡ್ ಎರಡನ್ನೂ ಜೋಡಿಸಿದಾಗ ಒಂದು ಲೂಪ್ ಆಗಿ, ಅದರಲ್ಲಿ 50 ಹರ್ಟ್ಸ್ ಕರೆಂಟ್ ಹರಿಯುತ್ತೆ. ನಮಗೆ ಕೇಳೋ "ಗೊಂಯ್" ಅದೇ.

ಆಗ ಇಷ್ಟೆಲ್ಲ ಗೊತ್ತಿರ್ಲಿಲ್ಲ. ನಮ್ಮಲ್ಲೊಬ್ಬ ಯಾವುದೋ ವಿಡಿಯೋ ನೋಡಿದ್ದ. ಎರಡೂ ಸ್ಪೀಕರಿಗೆ ಟೂ ಪಿನ್ ಅಡಾಪ್ಟರ್ ಹಾಕಿ ಅರ್ಥ್ ಕಟ್ ಮಾಡಿದ. ಹಮ್ ಮಾಯ. ನಾವೆಲ್ಲ ಅವನ ಬೆನ್ನು ತಟ್ಟಿದ್ವಿ.

ಅರ್ಧ ಗಂಟೆ ಆದ್ಮೇಲೆ ಮನೆಯ ಅಜ್ಜಿ ಸೋಬಾನೆ ಪದ ಹೇಳ್ತೀನಿ ಅಂತ ಬಂದ್ರು. ಬರಿಗಾಲು, ಒದ್ದೆ ನೆಲ. ಮೈಕ್ ಹಿಡಿದವರೇ ಕೈ ಕೊಡವಿ, "ಏನ್ ಮಗಾ ಇದು, ಜುಮ್ ಅಂತದಲ್ಲ?" ಅಂದ್ರು. ಸುತ್ತ ಇದ್ದವರು ನಕ್ಕರು. ಲೈಟಿಂಗ್ ಹಾಕೋಕೆ ಬಂದಿದ್ದ ಅಣ್ಣ ಮಾತ್ರ ನಗದೆ ಓಡಿ ಬಂದು ಮೇನ್ ಆಫ್ ಮಾಡಿದ್ರು. ಅಡಾಪ್ಟರ್ ಕಿತ್ತು ನಮ್ಮ ಕೈಗಿಟ್ಟು, "ಎಂಜಿನಿಯರಿಂಗ್ ಓದ್ತೀರಾ ನೀವು?" ಅಂತ ಕೇಳಿದ್ರು. ನಾವು ಯಾರೂ ಮಾತಾಡ್ಲಿಲ್ಲ.

ಆಗಿದ್ದಿಷ್ಟು. ಇಂಥ ಸ್ಪೀಕರ್ ಒಳಗಿನ ಪವರ್ ಸಪ್ಲೈನಲ್ಲಿ ನಾಯ್ಸ್ ತಡೆಯೋಕೆ ಫೇಸ್‌ನಿಂದ ಬಾಡಿಗೆ, ನ್ಯೂಟ್ರಲ್‌ನಿಂದ ಬಾಡಿಗೆ ಚಿಕ್ಕ ಕೆಪಾಸಿಟರ್‌ಗಳಿರುತ್ತವೆ. ಅರ್ಥ್ ಇದ್ದಾಗ ಆ ಸಣ್ಣ ಲೀಕೇಜ್ ಕರೆಂಟ್ ನೆಲಕ್ಕೆ ಹೋಗುತ್ತೆ. ಅರ್ಥ್ ತೆಗೆದ್ರೆ ಎರಡು ಕೆಪಾಸಿಟರ್ ಸೇರಿ ವೋಲ್ಟೇಜ್ ಡಿವೈಡರ್ ಆಗಿ, ಲೋಹದ ಬಾಡಿ ಸುಮಾರು ಅರ್ಧ ಮೇನ್ಸ್ ವೋಲ್ಟೇಜಲ್ಲಿ ತೇಲುತ್ತೆ. ಕೇಬಲ್ ಶೀಲ್ಡ್ ಮೂಲಕ ಅದು ಮಿಕ್ಸರಿಗೆ, ಅಲ್ಲಿಂದ ಮೈಕಿನ ಬಾಡಿಗೆ. ಕರೆಂಟ್ ಬಹಳ ಕಡಿಮೆ, ಅದಕ್ಕೇ ಬರೀ ಜುಮ್. ಆದ್ರೆ ಅವತ್ತು ಸ್ಪೀಕರ್ ಒಳಗೆ ಫೇಸ್ ವೈರ್ ಒಂದು ಸಡಿಲ ಆಗಿ ಬಾಡಿಗೆ ತಾಗಿದ್ದಿದ್ರೆ? ಅರ್ಥ್ ಇದ್ರೆ ಫ್ಯೂಸ್ ಹೋಗೋದು. ಅರ್ಥ್ ಇಲ್ಲದ ಕಾರಣ ದಾರಿ ಅಜ್ಜಿಯ ಮೈ ಮೂಲಕವೇ ಇರ್ತಿತ್ತು. ಇದನ್ನ ಬರೆಯುವಾಗ್ಲೂ ನಮಗೆ ಕೈ ತಣ್ಣಗಾಗುತ್ತೆ.

ಹಮ್‌ಗೆ ಸರಿಯಾದ ಪರಿಹಾರಗಳು ಬೇರೆ ಇವೆ. ಒಂದು, ಆಡಿಯೋ ಸಾಮಾನೆಲ್ಲ ಒಂದೇ ಪಾಯಿಂಟಿಂದ ಓಡಿಸೋದು. ಎರಡು, ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ನೋಡೋದು. ಎಷ್ಟೋ ಸಲ ಅಪರಾಧಿ ಅದೇ. ಮೂರು, ಲ್ಯಾಪ್‌ಟಾಪ್ ಲೈನಿಗೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್. ನಾಲ್ಕು, ಮಿಕ್ಸರಿಂದ ಸ್ಪೀಕರಿಗೆ ಬ್ಯಾಲೆನ್ಸ್ಡ್ ಎಕ್ಸ್‌ಎಲ್‌ಆರ್ ಕೇಬಲ್. ಅದರಲ್ಲಿ ಒಂದೇ ಸಿಗ್ನಲ್ ಎರಡು ತಂತಿಯಲ್ಲಿ ಉಲ್ಟಾ ಪೊಲಾರಿಟಿಯಲ್ಲಿ ಹೋಗುತ್ತೆ. ದಾರೀಲಿ ಸೇರೋ ನಾಯ್ಸ್ ಎರಡರಲ್ಲೂ ಒಂದೇ ಥರ ಇರುತ್ತೆ. ಸ್ಪೀಕರ್ ಎರಡರ ವ್ಯತ್ಯಾಸ ತಗೊಂಡಾಗ ನಾಯ್ಸ್ ರದ್ದಾಗುತ್ತೆ. ಹೌದು, ಕ್ಲಾಸಲ್ಲಿ ನಿದ್ದೆ ಮಾಡ್ಕೊಂಡು ಬರ್ಕೊಂಡ ಡಿಫರೆನ್ಷಿಯಲ್ ಆಂಪ್ಲಿಫೈಯರ್, ಕಾಮನ್ ಮೋಡ್ ರಿಜೆಕ್ಷನ್ ಅದೇ.

ಈಗ ಸಾಮಾನು ಇಳಿಸೋ ಮುಂಚೆ ಮಲ್ಟಿಮೀಟರ್ ತೆಗೀತೀವಿ. ಫೇಸ್‌ಗೂ ಅರ್ಥ್‌ಗೂ ಸುಮಾರು 230 ಬರ್ಬೇಕು, ನ್ಯೂಟ್ರಲ್‌ಗೂ ಅರ್ಥ್‌ಗೂ ಒಂದೆರಡು ವೋಲ್ಟ್. ಹಾಗೆ ಬರದಿದ್ರೆ ಆ ಪಾಯಿಂಟ್ ಮುಟ್ಟಲ್ಲ. ನಮ್ಮ ಎಕ್ಸ್‌ಟೆನ್ಷನ್ ಬಾಕ್ಸಿಗೆ 30 ಮಿಲಿಆಂಪ್ ಆರ್‌ಸಿಸಿಬಿ ಹಾಕಿದ್ದೀವಿ. ಅರ್ಥಿಂಗ್ ಇಲ್ಲದ ಮನೆ ಅಂದ್ರೆ ಅಡ್ವಾನ್ಸ್ ವಾಪಸ್ ಕೊಟ್ಟು ಬಂದಿದ್ದೂ ಇದೆ.

ಹಾಡು ಹಾಕೋದು

ಎರಡು ಹಾಡು ಸೇರಿಸೋದು ಮೂಲತಃ ಲೆಕ್ಕ. 128 ಬಿಪಿಎಂ ಅಂದ್ರೆ ಒಂದು ಬೀಟ್‌ಗೆ 0.47 ಸೆಕೆಂಡ್. ಎರಡೂ ಹಾಡಿನ ವೇಗ ಒಂದೇ ಮಾಡಿ, ಎಂಟೆಂಟು ಬಾರ್‌ನ ಗಡಿ ನೋಡಿ ಒಂದನ್ನ ಇಳಿಸಿ ಇನ್ನೊಂದನ್ನ ಏರಿಸ್ಬೇಕು. ವೇಗ ಸುಮಾರು 6 ಪರ್ಸೆಂಟ್ ಹೆಚ್ಚಿಸಿದ್ರೆ ಶ್ರುತಿ ಅರ್ಧ ಸ್ವರ ಏರುತ್ತೆ, ಗಾಯಕರ ದನಿ ಕೀರಲಾಗುತ್ತೆ. ಅದಕ್ಕೆ ಸಾಫ್ಟ್‌ವೇರಲ್ಲಿ ಕೀ ಲಾಕ್ ಇದೆ. ನಮ್ಮ ಟಪ್ಪಾಂಗುಚ್ಚಿ ಹಾಡುಗಳ ನಡೆ ಆರಾರರ ಲೆಕ್ಕದ್ದು, ನಾಲ್ಕರ ಲೆಕ್ಕದ ಕ್ಲಬ್ ಹಾಡಿನ ಮೇಲೆ ಕೂರಲ್ಲ. ಅಲ್ಲಿ ಮಿಕ್ಸ್ ಮಾಡೋಕೆ ಹೋಗದೆ ನೀಟಾಗಿ ನಿಲ್ಲಿಸಿ, ತಮಟೆ ಬೀಟ್ ಒಂದು ಬಿಟ್ಟು, ಹೊಸದಾಗಿ ಶುರು ಮಾಡೋದೇ ವಾಸಿ.

ಮಿಕ್ಸರಲ್ಲಿ ಕೆಂಪು ಲೈಟ್ ಹತ್ತಿದ್ರೆ ಸಿಗ್ನಲ್‌ನ ತುದಿ ಚಪ್ಪಟೆ ಆಗ್ತಿದೆ ಅಂತ ಅರ್ಥ. ಚಪ್ಪಟೆ ಅಲೆಗೆ ಫೂರಿಯರ್ ಸೀರೀಸ್ ಬರೆದು ನೋಡಿ, ಮೂಲದಲ್ಲಿ ಇಲ್ಲದ ಹೈ ಫ್ರೀಕ್ವೆನ್ಸಿಗಳು ಹುಟ್ಕೊಂಡಿರುತ್ತವೆ. ಅವೆಲ್ಲ ಹೋಗೋದು ಪಾಪದ ಟ್ವೀಟರ್‌ಗೆ. ಅದರ ಸಣ್ಣ ಕಾಯಿಲ್ ಸುಡುತ್ತೆ.

ಹತ್ತು ಗಂಟೆ

ಕಾನೂನು ಸಣ್ಣ ಸೆಟ್‌ಗೂ ಒಂದೇ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಬಳಸೋ ಹಾಗಿಲ್ಲ. ವಾಸದ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ಆಸ್ಪತ್ರೆ, ಶಾಲೆ, ಕೋರ್ಟ್ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಹಾಡಿನ ಹಕ್ಕಿನ ವಿಷಯದಲ್ಲಿ ಕೃತಿಸ್ವಾಮ್ಯ ಕಾಯ್ದೆಯ 52(1)(ಝಡ್‌ಎ) ಮದುವೆ ಮತ್ತು ಅದಕ್ಕೆ ಸೇರಿದ ಸಮಾರಂಭಗಳಿಗೆ ವಿನಾಯಿತಿ ಕೊಟ್ಟಿದೆ. ಟಿಕೆಟ್ ಇಟ್ಟ ಪಾರ್ಟಿಗೆ ಆ ವಿನಾಯಿತಿ ಇಲ್ಲ.

ಕಿವಿಗೂ ಲೆಕ್ಕ ಇದೆ. ಅಮೆರಿಕದ ನಿಯೋಶ್ ಸಂಸ್ಥೆ ಕೆಲಸಗಾರರಿಗೆ ಹೇಳೋ ಮಿತಿ 85 ಡೆಸಿಬೆಲಲ್ಲಿ 8 ಗಂಟೆ. ಪ್ರತಿ 3 ಡೆಸಿಬೆಲ್‌ಗೆ ಸಮಯ ಅರ್ಧ. 100 ಡೆಸಿಬೆಲ್ ಆದ್ರೆ 15 ನಿಮಿಷ ಅಷ್ಟೇ. ನಾವು ಇಯರ್ ಪ್ಲಗ್ ಹಾಕ್ತೀವಿ, ಸ್ಪೀಕರ್ ಮುಂದೆ ಮಕ್ಕಳು ನಿಲ್ಲದ ಹಾಗೆ ನೋಡ್ಕೋತೀವಿ.

"ಇನ್ನೊಂದೇ ಹಾಡು ಹಾಕ್ರಪ್ಪಾ" ಅನ್ನೋ ಮಾವಂದಿರು ಪ್ರತಿ ಫಂಕ್ಷನಲ್ಲೂ ಇರ್ತಾರೆ. ಅದಕ್ಕೆ ಒಂಬತ್ತೂವರೆಯಿಂದಲೇ ವೇಗ, ಸೌಂಡ್ ಎರಡೂ ಇಳಿಸ್ತಾ ಬಂದು, ಕೊನೆಗೆ ಎಲ್ಲರಿಗೂ ಗೊತ್ತಿರೋ ಹಳೇ ಹಾಡು ಹಾಕ್ತೀವಿ. ಜನ ಹಾಡ್ಕೊಂಡೇ ಊಟದ ಕಡೆ ಹೋಗ್ತಾರೆ.

ಸರಿ, ದುಡ್ಡು?

ಒಂದು ಫಂಕ್ಷನ್‌ಗೆ 5,000. ಆಟೋಗೆ 1,200, ಬಾಸ್ ಬಾಡಿಗೆ 1,500 ಹೋಗಿ ಉಳಿಯೋದು 2,300. ಅದರಲ್ಲಿ ಸಾವಿರ ರಿಪೇರಿ ಡಬ್ಬಿಗೆ. ತಲಾ 325 ರೂಪಾಯಿ ಮತ್ತೆ ಭರ್ಜರಿ ಊಟ. ಹಾಕಿದ ದುಡ್ಡು ಇನ್ನೂ ವಾಪಸ್ ಬಂದಿಲ್ಲ. ಇಂಟರ್ನಲ್ಸ್ ವಾರ ಬುಕಿಂಗ್ ತಗೊಳ್ಳಲ್ಲ. ನಾಲ್ಕು ಜನ ಯಾಕೆ ಅಂದ್ರೆ: ಒಬ್ಬ ಹಾಡಿಗೆ, ಒಬ್ಬ ಮೈಕಿಗೆ, ಒಬ್ಬ ವೈರಿಂಗಿಗೆ, ಇನ್ನೊಬ್ಬ ಮಾವಂದಿರಿಗೆ.

ಹೋದ ತಿಂಗಳು ಆ ನಂಜನಗೂಡಿನ ಮನೆಯವರೇ ನಾಮಕರಣಕ್ಕೆ ಮತ್ತೆ ಕರೆದ್ರು. ನಮಗೇ ಆಶ್ಚರ್ಯ. ಅಜ್ಜಿ ಮೈಕ್ ಹತ್ತಿರ ಬಂದು ಕೈ ಚಾಚಲಿಲ್ಲ. "ಇವತ್ತು ಕಚ್ಚಕ್ಕಿಲ್ಲ ತಾನೆ?" ಅಂತ ಕೇಳಿದ್ರು. ನಾವು ಮಲ್ಟಿಮೀಟರ್ ಇಟ್ಟು ತೋರಿಸಿದ್ವಿ. ಅದರಲ್ಲಿದ್ದ ನಂಬರ್ ಅವರಿಗೆ ಅರ್ಥ ಆಯ್ತೋ ಇಲ್ಲವೋ. "ಮೊದಲು ನೀನು ಹಿಡಕೊ" ಅಂದ್ರು. ನಾಲ್ಕೂ ಜನ ಒಬ್ಬರಾದ ಮೇಲೆ ಒಬ್ಬರು, ಚಪ್ಪಲಿ ಬಿಟ್ಟು, ಮೈಕ್ ಹಿಡಿದು ನಿಂತ್ವಿ. ಆಮೇಲೆ ಅಜ್ಜಿ ಇಸ್ಕೊಂಡು, ಅವತ್ತು ಅರ್ಧಕ್ಕೆ ನಿಂತಿದ್ದ ಪದಾನ ಪೂರ್ತಿ ಹೇಳಿದ್ರು.